ಸೀಬೆಮರದಲ್ಲಿ ನನ್ನ ಸೀಡಿಗಳು

ಗೆಳೆಯರೇ, ಈಗಷ್ಟೇ ರಾಜಾನುಕುಂಟೆಯಿಂದ ಬಂದೆ. ನಮ್ಮ ಮನೆಗೆ ಬಣ್ಣ ಹೊಡೆಸುವಾಗ ಅಲ್ಲಿನ ಮಾವನ ಮನೆಯಲ್ಲಿ ಇಟ್ಟುಬಂದಿದ್ದ ನನ್ನ ಹಾಡಿನ ಸೀಡಿಗಳೆಲ್ಲ ಅವರ ಸೀಬೆಮರಗಳಲ್ಲಿ ನೇತಾಡುತ್ತಿದ್ದವು!

“ಇಂಗೆ ಕಟ್ಟಿದ್ರೆ ಗಿಣಿಗಳು ಎದ್ರಕೊಂಡು ಓಡೋಯ್ತವೆ ಅಳಿಯಂದ್ರೇ,” ಎಂದರು ಮಾವ, ಹೆಮ್ಮೆಯಿಂದ.

ಅದರಲ್ಲೊಂದು ಗೆಳೆಯನಿಂದ ತಂದಿದ್ದ ಸಾರಂಗಿಯ ಸೀಡಿ. ಈಗ ಎಲ್ಲೂ ಸಿಗುವುದಿಲ್ಲ. ಸಂಜೆ ಅವನು ವಾಪಸು ಕೇಳಲು ಬರುತ್ತಾನೆ. ಕೊಂಬೆಗೆ ಉಜ್ಜುತ್ತಿದ್ದ ಒಂದೊಂದನ್ನೂ ತಿರುಗಿಸಿ ನೋಡಿದೆ. ಸಾರಂಗಿಯದೇ ಇಲ್ಲ! ಮಾವನನ್ನು ಕೇಳಿದೆ.

“ಪಿಟೀಲಿನ್ ಚಿತ್ರ ಇರೋದಾ? ಬಿಚ್ಚಿ ಒಳಗೆ ಮಡಗಿವ್ನಿ. ಅದು ಪ್ರಯೋಜನಕ್ಕಿಲ್ಲ. ಗಿಣಿಗಳು ಅದ್ರ ಪಕ್ಕಾನೇ ಬಂದು ಕೂರ್ತಿದ್ವು.”

ಸೀಡಿ ಸಿಕ್ಕಿತು. ಮೇಲೆ ಕೊಕ್ಕಿನ ಗೀರುಗಳಿವೆ. ಅಭಿಮಾನಿಗಳ ಸಹಿ ಅಂದರೆ ಗೆಳೆಯ ನಂಬುತ್ತಾನಾ?