ವಳಸಂಗ ದಾಟಿದ ಮೇಲೆ ಬಂದ ಫೋನ್

ನಂಬುವವರು ನಂಬಲಿ, ಬಿಡುವವರು ಬಿಡಲಿ. ಆ ಟೆಂಪೋದ ಸ್ಟೇರಿಂಗ್ ಹಿಡಿದು ಕೂತಿದ್ದವನು ನಾನೇ. ಯಾರೋ ಹೇಳಿದ್ದನ್ನು ಕೇಳಿ ಬರೆಯುತ್ತಿಲ್ಲ.

ಸೊಲ್ಲಾಪುರದ ಹತ್ತಿರ ಚಿಂಚೋಳಿ ಎಂಐಡಿಸಿ ಕೈಗಾರಿಕಾ ಪ್ರದೇಶದ ಗೋದಾಮಿನಿಂದ ಅಕ್ಕಲಕೋಟೆಯ ಅಂಗಡಿಗಳಿಗೆ ಟವೆಲು, ಚಾದರ ಮುಟ್ಟಿಸುವ ಕೆಲಸ ನನ್ನದು. ನಮ್ಮ ಶೇಠರದ್ದೊಂದು ಹಟ. ದಾರಿಯ ಒಂದೊಂದು ಊರು ದಾಟಿದಾಗಲೂ ಫೋನ್ ಮಾಡಿ ಹೇಳಬೇಕು. ಹೇಳದಿದ್ದರೆ ಅವರೇ ಮಾಡುತ್ತಾರೆ. ಎತ್ತದಿದ್ದರೆ ಮರುದಿನ ಎಲ್ಲರೆದುರು ಮರ್ಯಾದೆ ಕಳೆಯುತ್ತಾರೆ.

ನನಗಿಂತ ಮುಂಚೆ ಈ ಗಾಡಿ ಓಡಿಸುತ್ತಿದ್ದವನು ಭೀಮಾಶಾ, ಸದಾ ಬಾಯಲ್ಲಿ ತಂಬಾಕು. ದಾರಿಯಲ್ಲಿ ವಳಸಂಗ ಎಂಬ ಊರು ದಾಟಿದ ಮೇಲೆ, ಶೇಠರ ಜೊತೆ ಫೋನಿನಲ್ಲಿ ಮಾತಾಡುತ್ತಲೇ, ನಿಂತಿದ್ದ ಕಬ್ಬಿನ ಟ್ರಾಲಿಗೆ ಗುದ್ದಿ ಸತ್ತ. ಗಾಡಿಗೆ ಹೊಸ ಗಾಜು ಬಂತು. ಫೋನ್ ಮಾತ್ರ ಅದೇ. ಆ ನಂಬರು ಎಲ್ಲ ಅಂಗಡಿಯವರ ಹತ್ತಿರ ಇದೆ ಎಂದು ಶೇಠರು ಅದನ್ನೇ ನನ್ನ ಕೈಗಿಟ್ಟರು.

“ಆ ಫೋನ್ ಮನಿಯೊಳಗ ತರಬ್ಯಾಡ್ರಿ,” ಎಂದಳು ನನ್ನ ಹೆಂಡತಿ. ನಕ್ಕುಬಿಟ್ಟೆ. ನೌಕರಿ ಬೇಕಲ್ಲ!

ಅವತ್ತು ವಳಸಂಗಕ್ಕೂ ಮುಂಚಿನ ಊರು ಕುಂಭಾರಿಯಲ್ಲೇ ಕತ್ತಲಾಗಿತ್ತು. “ಕುಂಭಾರಿ ದಾಟೀನ್ರಿ,” ಎಂದು ಹೇಳಿ ಫೋನನ್ನು ಪಕ್ಕದ ಸೀಟಿಗೆ ಎಸೆದೆ. ವಳಸಂಗ ಬಂತು, ಹೋಯಿತು. ಎದುರಿನ ಬಸ್ಸಿನ ಲೈಟು ಕಣ್ಣಿಗೆ ಹೊಡೆಯುತ್ತಿತ್ತು, ಹೇಳುವುದನ್ನು ಮರೆತೆ...

ಫೋನ್ ಬಡಿದುಕೊಳ್ಳತೊಡಗಿತು. ಶೇಠರೇ. ರಸ್ತೆಯಿಂದ ಕಣ್ಣು ತೆಗೆದು ಕೈ ಚಾಚಿದೆ.

ಬೆರಳು ತಾಗುವ ಮೊದಲೇ ಸದ್ದು ನಿಂತಿತು. ಆದರೆ ಕರೆ ಕಟ್ಟಾಗಿರಲಿಲ್ಲ, ಯಾರೋ ಎತ್ತಿದ ಹಾಗೆ ನಡೆಯುತ್ತಲೇ ಇತ್ತು... ಗಾಡಿಯೊಳಗೆಲ್ಲ ಸುಣ್ಣ ಹಾಕಿ ತಿಕ್ಕಿದ ತಂಬಾಕಿನ ವಾಸನೆ. ನಾನು ತಂಬಾಕು ಮುಟ್ಟುವವನಲ್ಲ.

ಖಾಲಿ ಸೀಟಿನಿಂದ ಮೆಲ್ಲಗೆ, ದಣಿದ ದನಿಯೊಂದು ಬಂತು. “ವಳಸಂಗ ದಾಟೀನ್ರಿ ಶೇಠ್...”

ಏನು ಮಾಡುತ್ತಿದ್ದೇನೆಂದು ತಿಳಿಯದೆ ಬ್ರೇಕು ತುಳಿದೆ. ಟಯರು ಸುಟ್ಟ ನಾತ... ಗಾಡಿ ನಿಂತಾಗ ಗಾಜಿನ ಮುಂದೆ ಬರೀ ಕಬ್ಬು. ಹಿಂಬದಿಯ ಲೈಟೇ ಇಲ್ಲದ ಟ್ರಾಲಿಯೊಂದು ರಸ್ತೆಯಲ್ಲೇ ನಿಂತಿತ್ತು. ನಡುವೆ ಒಂದು ಗೇಣು ಜಾಗವಿತ್ತು.

ಅಕ್ಕಲಕೋಟೆ ಮುಟ್ಟಿ, ಒಂದು ಅಂಗಡಿಯ ದೀಪದ ಕೆಳಗೆ ನಿಂತು ಶೇಠರಿಗೆ ಫೋನ್ ಮಾಡಿದೆ.

“ಶೇಠ್... ಆಗ ನಿಮ್ಮ ಜೋಡಿ ಮಾತಾಡಿದಾಂವ ನಾ ಅಲ್ರಿ.”

ಶೇಠರು ಮೆಲ್ಲಗೆ ಹೇಳಿದರು.

“ಗೊತ್ತೈತಿ ಸಿದ್ದರಾಮ. ಆ ದನಿ ನನಗ ಗೊತ್ತಾಗೂದಿಲ್ಲೇನು? ವಳಸಂಗ ದಾಟೀನಿ ಅಂದ ಮ್ಯಾಲ ‘ಫೋನ್ ಇಡ್ರಿ ಶೇಠ್, ಮುಂದ ಟ್ರಾಲಿ ನಿಂತೈತಿ’ ಅಂದ... ಭೀಮಾಶಾ ಅವತ್ತೂ ಇದ ಮಾತ ಅಂದಿದ್ದ. ನಾ ಇಡಲಿಲ್ಲ.”

ಈಗ ಗಾಡಿ ಓಡುವಾಗ ಶೇಠರು ಫೋನ್ ಮಾಡುವುದಿಲ್ಲ. ನಾನೂ ಅದನ್ನು ಆಫ್ ಮಾಡಿ ಸೀಟಿನ ಕೆಳಗೆ ಇಟ್ಟುಬಿಡುತ್ತೇನೆ. ಆದರೂ ವಳಸಂಗ ದಾಟಿದ ಕೂಡಲೇ ಒಮ್ಮೊಮ್ಮೆ ಆ ತಂಬಾಕಿನ ವಾಸನೆ ಬರುತ್ತದೆ. ಪಾಪ, ಸತ್ತ ಮೇಲೂ ಅವನ ಡ್ಯೂಟಿ ಮುಗಿದಿಲ್ಲ.

ಅದೇ ಹೊತ್ತಿಗೆ ಸೊಲ್ಲಾಪುರದಲ್ಲಿ ಶೇಠರ ಫೋನ್ ಹೊಡೆದುಕೊಳ್ಳುತ್ತದಂತೆ... ಆಫ್ ಆಗಿ ಬಿದ್ದಿರುವ ಇದೇ ಫೋನಿನ ನಂಬರಿನಿಂದ. ಅವರು ಎತ್ತುವುದಿಲ್ಲ.