ಹಿಂದಿನ ಸೀಟಿನ ಗ್ಲಾಸು

ನಾನು ಹುಟ್ಟಾ ಪುಕ್ಕಲಿ. ಹೇಳಿಕೊಳ್ಳಲು ನಾಚಿಕೆಯೇನೂ ಇಲ್ಲ. ಫ್ರೀವೇಯಲ್ಲಿ ಪಕ್ಕದ ಟ್ರಕ್ಕು ಒಂದಿಷ್ಟು ಹತ್ತಿರ ಬಂದರೂ ಸಾಕು, ಸ್ಟೀರಿಂಗನ್ನು ಉಡದ ಹಾಗೆ ಹಿಡಿದುಕೊಂಡುಬಿಡುತ್ತೇನೆ. ಅಂಥವಳ ಪಾಲಿಗೆ, ಗ್ಲಾಸುಗಳು ತಮಗೆ ತೋಚಿದಾಗ ಏರಿ ತೋಚಿದಾಗ ಇಳಿಯುವ ಕಾರು ಬಂದು ವಕ್ಕರಿಸಿತು ನೋಡಿ.

ಕಾರು ಹಳೆಯದು, ಆದರೆ ಮೊದಲಿನಿಂದ ಹೀಗಿರಲಿಲ್ಲ. ಆ ವರ್ಷ ಅಮ್ಮ ಮೈಸೂರಿನಿಂದ ಯೂನಿಯನ್ ಸಿಟಿಯ ನಮ್ಮ ಮನೆಗೆ ಬಂದಿದ್ದಳು. ಆಯುಧಪೂಜೆಯ ದಿನ ಅಪಾರ್ಟ್‌ಮೆಂಟಿನ ಕಾರ್‌ಪೋರ್ಟಿನಲ್ಲೇ ಪೂಜೆ. ಚಕ್ರದ ಕೆಳಗೆ ನಿಂಬೆಹಣ್ಣು, ಕನ್ನಡಿಗೆ ಸೇವಂತಿಗೆ ಹಾರ. ತೆಂಗಿನಕಾಯಿ ಒಡೆದ ನೀರಿನಲ್ಲೇ ಕುಂಕುಮ ಕಲಸಿಕೊಂಡು ಅಮ್ಮ ಹೊರಗೆಲ್ಲ ಬೊಟ್ಟಿಟ್ಟಳು. ಆಮೇಲೆ ಡ್ರೈವರ್ ಸೀಟಿನಲ್ಲಿ ಕೂತು ಸ್ಟೀರಿಂಗು, ಗೇರು, ಬಾಗಿಲಿನ ಮೇಲಿದ್ದ ಗ್ಲಾಸಿನ ಸ್ವಿಚ್ಚುಗಳು, ಒಂದನ್ನೂ ಬಿಡಲಿಲ್ಲ.

"ಅತ್ತೆ, ಹಾರ್ನಿಗೂ ಇಡಿ, ಅದೇ ಜಾಸ್ತಿ ದುಡಿಯೋದು ನಿಮ್ಮ ಮಗಳ ಕೈಲಿ" ಅಂದರು ನನ್ನ ಗಂಡ. ಅಮ್ಮ ಹಾರ್ನಿಗೂ ಇಟ್ಟಳು.

ಅದಾಗಿ ಸ್ವಲ್ಪ ದಿನಕ್ಕೆ ನನ್ನ ಹಿಂದಿನ ಕಿಟಕಿ, ಅಂದರೆ ಮಗಳು ಕೂರುವ ಕಡೆಯ ಕಿಟಕಿ, ಮೊಂಡುಬಿತ್ತು. ಮೊದಲು ಇಳಿಯಲೊಲ್ಲದು. ಆಮೇಲೊಂದು ಬೆಳಿಗ್ಗೆ ಡೇಕೇರಿನ ದಾರಿಯಲ್ಲಿ, ಹೇಗೋ ಇಳಿದಿದ್ದ ಗ್ಲಾಸು ಯಾರೂ ಮುಟ್ಟದೆಯೇ ಸರ್ರನೆ ಏರಿಬಿಟ್ಟಿತು. ನಾನು ಗಕ್ಕನೆ ಬ್ರೇಕು ಒತ್ತಿದೆ. ಮಗಳು ಮಾತ್ರ "ಮಮ್ಮೀ, ಇಟ್ಸ್ ಮ್ಯಾಜಿಕ್!" ಎಂದು ಚಪ್ಪಾಳೆ ತಟ್ಟಿದಳು. ಮ್ಯಾಜಿಕ್ಕಂತೆ, ಮಣ್ಣಂಗಟ್ಟಿ. ಅವತ್ತಿನಿಂದ ನನ್ನ ತಲೆಯಲ್ಲಿ ಒಂದೇ ಚಿತ್ರ, ಆ ಗ್ಲಾಸು ಮತ್ತು ಅವಳ ಪುಟ್ಟ ಕೈ.

ಗಂಡ ಇಂಜಿನಿಯರು. ಮೆಕ್ಯಾನಿಕ್ಕಿನ ಹತ್ತಿರ ಹೋಗುವುದೆಂದರೆ ಅವರಿಗೆ ಸೋಲೊಪ್ಪಿಕೊಂಡ ಹಾಗೆ. ಶನಿವಾರ ವೀಡಿಯೊ ನೋಡಿಕೊಂಡು ಕೂತರು. ಫ್ಯೂಸು ತೆಗೆದು ನೋಡಿದರು, ಸರಿಯಿತ್ತು. ಬಾಗಿಲಿಗೆ ಕಿವಿಯಿಟ್ಟು ನನ್ನಿಂದ ಸ್ವಿಚ್ಚು ಒತ್ತಿಸಿದರು, ಒಳಗೆ ಮೋಟಾರು ಗುಂಯ್ ಅನ್ನುತ್ತಿತ್ತು. ಹಿಂದಿನ ಬಾಗಿಲಲ್ಲೇ ಇರುವ ಸ್ವಿಚ್ಚು ಒತ್ತಿದರೆ ಗ್ಲಾಸು ಹೇಳಿದ ಮಾತು ಕೇಳುತ್ತಿತ್ತು. ನನ್ನ ಕಡೆಯ ಸ್ವಿಚ್ಚಿಗೆ ಮಾತ್ರ ಕ್ಯಾರೇ ಅನ್ನುತ್ತಿರಲಿಲ್ಲ.

"ನಿನ್ನ ಕಡೆ ಸ್ವಿಚ್ಚೇ ಕೈಕೊಟ್ಟಿರೋದು. ಬಿಚ್ಚಿ ನೋಡ್ಬೇಕು, ಮುಂದಿನ ವಾರ ನೋಡೋಣ."

"ಅಲ್ಲೀವರೆಗೆ ಮಗು ಕೈಗೆ ಏನಾದ್ರೂ ಆದ್ರೆ?"

"ವಿಂಡೋ ಲಾಕ್ ಒತ್ತಿಟ್ಟಿರು. ಅವಳು ಹಿಂದೆ ಏನು ಒತ್ತಿದ್ರೂ ಕೆಲ್ಸ ಮಾಡಲ್ಲ. ಸುಮ್ನೆ ಗಾಬರಿ ಬೀಳ್ಬೇಡ ಮಾರಾಯ್ತಿ."

ಒತ್ತಿಟ್ಟೆ. ಮಗು ಸುರಕ್ಷಿತ ಅಂದುಕೊಂಡೆ. ಆ ಲಾಕು ಹಿಂದಿನ ಸ್ವಿಚ್ಚಿನ ಬಾಯಿಯನ್ನಷ್ಟೇ ಕಟ್ಟುತ್ತದೆ, ಹುಚ್ಚು ಹಿಡಿದ ನನ್ನ ಕಡೆಯ ಸ್ವಿಚ್ಚಿಗೆ ಅದರ ಲೆಕ್ಕವಿಲ್ಲ ಅನ್ನುವುದು ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಆ ಭಾನುವಾರ ಅಮ್ಮ, ಮಗಳು, ನಾನು ಸಾಂಟಾ ಕ್ಲಾರಾಕ್ಕೆ ಗ್ರೋಸರಿಗೆ ಹೋಗಿದ್ದೆವು. ವಾಪಸು ಬರುವಾಗ ಸುಡುಬಿಸಿಲು. ಎಲ್ ಕಮಿನೋ ರಸ್ತೆಯಲ್ಲಿ ಹಿಂದಿನ ಗ್ಲಾಸು ತಾನಾಗಿಯೇ ಇಳಿಯಿತು. ನನ್ನ ಕಡೆಯ ಸ್ವಿಚ್ಚನ್ನು ಎಷ್ಟು ಎಳೆದರೂ ಮತ್ತೆ ಏರಲಿಲ್ಲ. ಹಾಳಾಗಿ ಹೋಗಲಿ, ಗಾಳಿಯಾದರೂ ಬರಲಿ ಎಂದುಕೊಂಡೆ. ಹಿಂದೆ ಮೊಮ್ಮಗಳ ಪಕ್ಕ ಕೂತಿದ್ದ ಅಮ್ಮ ಅಂಗಡಿಯ ಜಾಹೀರಾತಿನ ಹಾಳೆ ಮಡಚಿ ಅವಳಿಗೊಂದು ಗಿರಗಿಟ್ಲೆ ಮಾಡಿಕೊಟ್ಟಿದ್ದಳು. ಸಿಗ್ನಲ್ಲಿನಲ್ಲಿ ಕಾರು ನಿಂತಿತು. ಮಗಳು ಗಾಳಿಗೆಂದು ಗಿರಗಿಟ್ಲೆ ಹಿಡಿದ ಕೈಯನ್ನು ಮೊಣಕೈವರೆಗೂ ಹೊರಗೆ ಚಾಚಿದಳು.

"ಕೈ ಒಳಗೆ ತಗೊಳೇ!" ಅನ್ನುವಷ್ಟರಲ್ಲಿ ಗ್ಲಾಸು ಏರತೊಡಗಿತು.

ನಾನು ಸ್ವಿಚ್ಚನ್ನು ಬಲವಾಗಿ ಕೆಳಕ್ಕೆ ಒತ್ತಿದೆ. ಏರುತ್ತಲೇ ಇತ್ತು. "ಅಮ್ಮಾ, ಅಲ್ಲಿರೋ ಬಟನ್ ಒತ್ತು!" ಎಂದು ಕಿರುಚಿದೆ. ಅಮ್ಮ ಒತ್ತಿದಳು. ಎಲ್ಲಿಂದ ಕೆಲಸ ಮಾಡಬೇಕು, ಲಾಕು ಹಾಕಿ ಕೂತಿದ್ದೆನಲ್ಲ ನಾನು! ಆ ಲಾಕು ತೆಗೆಯಬೇಕೆಂದೂ ಹೊಳೆಯಲಿಲ್ಲ. ಅಮ್ಮ ಮಗುವಿನ ಸೀಟು ದಾಟಿ ಬಗ್ಗಿ, ಅವಳ ಕೈಯ ಪಕ್ಕದಲ್ಲೇ ಆ ಸಂದಿಯೊಳಗೆ ತನ್ನ ಕೈ ತೂರಿಸಿದ್ದು ಕನ್ನಡಿಯಲ್ಲಿ ಕಂಡಿತು. ಗ್ಲಾಸು ಅಮ್ಮನ ಚಿನ್ನದ ಬಳೆಗೆ ಕಚ್ಚಿಕೊಂಡು ಗೊರಗೊರ ಅಂದಿತು. ಆಗ ನನಗೆ ಬುದ್ಧಿ ಬಂದು ಕೀ ತಿರುಗಿಸಿ ಕಾರು ಆರಿಸಿದೆ. ಗ್ಲಾಸು ನಿಂತಿತು.

ಉಳಿದಿದ್ದ ಸಂದಿಯಿಂದ ಮಗಳ ಕೈ ಒಳಗೆ ಬಂತು. ಕೆಂಪಗಾಗಿತ್ತು, ಅಷ್ಟೇ. ಅವಳು ಹೋ ಎಂದು ಅಳುತ್ತಿದ್ದಳು. ಅಮ್ಮನ ಮಣಿಕಟ್ಟು ಮಾತ್ರ ಅಲ್ಲೇ ಸಿಕ್ಕಿಹಾಕಿಕೊಂಡಿತ್ತು. ಸಿಗ್ನಲ್ಲು ಹಸಿರಾಗಿ ಹಿಂದಿನವರು ಹಾರ್ನು ಹೊಡೆಯತೊಡಗಿದರು. ಕೈ ಬಿಡಿಸಬೇಕೆಂದರೆ ಕೀ ಮತ್ತೆ ತಿರುಗಿಸಲೇಬೇಕು. ತಿರುಗಿಸಿದರೆ ಆ ಗ್ಲಾಸು ಇಳಿಯುತ್ತದೋ, ಇನ್ನೂ ಏರುತ್ತದೋ ಯಾರಿಗೆ ಗೊತ್ತು? ಲಾಕು ತೆಗೆದೆ. ಕೀ ಮೇಲೆ ಬೆರಳಿಟ್ಟು ಮತ್ತೆ ಹಿಂದಕ್ಕೆ ಎಳೆದುಕೊಂಡೆ.

"ನನ್ನ ಕೈಲಿ ಆಗಲ್ಲಮ್ಮಾ."

"ತಿರುಗಿಸೇ. ಮಗು ಕೈ ಅಲ್ವಲ್ಲ, ನಂದು ತಾನೆ."

ಕಣ್ಣು ಮುಚ್ಚಿಕೊಂಡು ತಿರುಗಿಸಿದೆ. ಗ್ಲಾಸು ಮೇಲಕ್ಕೇ ಒತ್ತಿತು. ಅಮ್ಮ ಹಲ್ಲು ಕಚ್ಚಿಕೊಂಡು "ಹ್ಞಾ" ಅಂದಳು. ಸ್ವಿಚ್ಚಿನ ಮೇಲೆ ಮುಷ್ಟಿಯಿಂದ ಗುದ್ದಿದೆ, ಮತ್ತೆ ಗುದ್ದಿದೆ. ಅದಕ್ಕೇನು ಅನ್ನಿಸಿತೋ, ದಡಕ್ಕನೆ ಇಳಿದುಹೋಯಿತು.

ಮೂಳೆ ಮುರಿದಿರಲಿಲ್ಲ. ಬಳೆ ಮಾತ್ರ ಮೊಟ್ಟೆಯಾಕಾರಕ್ಕೆ ಬಗ್ಗಿತ್ತು, ಕೈಯಿಂದ ತೆಗೆಯಲು ಬರುತ್ತಿರಲಿಲ್ಲ. ಅವತ್ತೇ ಸಂಜೆ ಗಂಡ ಉಸಿರೆತ್ತದೆ ದೋಸೆ ಮಗುಚುವ ಪ್ಲಾಸ್ಟಿಕ್ ಚಮಚದಿಂದ ಆ ಸ್ವಿಚ್ಚಿನ ಹಲಗೆಯನ್ನು ಎಬ್ಬಿಸಿದರು. ಒಳಗೆ ಕೆಂಪಗೆ ಏನೋ ಗಟ್ಟಿಯಾಗಿ ಮೆತ್ತಿಕೊಂಡಿತ್ತು.

"ತುಕ್ಕಾ ಇದು?"

ನಾನು ಬೆರಳಿಂದ ಉಜ್ಜಿ ನೋಡಿದೆ. ಬೆರಳು ಕುಂಕುಮದ ಬಣ್ಣಕ್ಕೆ ತಿರುಗಿತು. ತೆಂಗಿನಕಾಯಿಯ ನೀರಿನಲ್ಲಿ ಕಲಸಿದ್ದ ಕುಂಕುಮ ಸ್ವಿಚ್ಚಿನ ಸಂದಿಯಲ್ಲಿ ಇಳಿದು ಒಣಗಿತ್ತು. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಅಮ್ಮ ಮೆಟ್ಟಿಲ ಮೇಲೆ, ಬಾತುಕೊಂಡ ಕೈಗೆ ಐಸು ಹಿಡಿದು ಕೂತಿದ್ದಳು.

"ಏನಾಗಿತ್ತಂತೆ?"

"ಹಳೇ ಕಾರಲ್ವಾ ಅತ್ತೆ, ಸವೆದುಹೋಗಿದೆ" ಅಂದರು ಇವರು. ನಾನು ಬೆರಳನ್ನು ಸೆರಗಿಲ್ಲದ್ದಕ್ಕೆ ಪ್ಯಾಂಟಿಗೆ ಒರೆಸಿಕೊಂಡೆ.

ಹೊಸ ಸ್ವಿಚ್ಚು ಬಂತು, ಗ್ಲಾಸುಗಳು ಸಾಧುವಾದವು. ಅಮ್ಮ ಮಾತ್ರ ಬದಲಾದಳು. ನೊಣ ಹಾರಿದ್ದನ್ನೂ ಫೋನಿನಲ್ಲಿ ತಂಗಿಗೆ ವರದಿ ಮಾಡುವವಳು ಈ ಸುದ್ದಿಯನ್ನು ಯಾರಿಗೂ ಹೇಳಲಿಲ್ಲ. ಕಾರಿನಲ್ಲಿ ಮುಂದಿನ ಸೀಟಿಗೆ ಬಂದು ಕೂರತೊಡಗಿದಳು. ಹಿಂದಿನಿಂದ ಮೊಮ್ಮಗಳು "ಅಜ್ಜಿ, ಸಿಟ್ ವಿತ್ ಮೀ" ಎಂದು ಗೋಗರೆದರೂ "ಇಲ್ಲೇ ಸರಿ ಕಂದ" ಅನ್ನುತ್ತಿದ್ದಳು. ಪಾಪ, ಆ ಕಿಟಕಿಗೆ ಹೆದರಿದ್ದಾಳೆ, ನನ್ನ ಹಾಗೇ ಅಂದುಕೊಂಡೆ.

ಅವಳು ಊರಿಗೆ ಹೊರಟ ದಿನ ಸೂಟ್‌ಕೇಸುಗಳನ್ನು ತುಂಬಿ ಬಾಗಿಲು ತೆರೆದು ನಿಂತಿದ್ದೆವು. ಅಮ್ಮ ಒಳಗಿನಿಂದ ಕುಂಕುಮದ ಭರಣಿ ಹಿಡಿದು ಬಂದಳು.

"ಅಮ್ಮಾ, ಬೇಡ!"

ಎಷ್ಟು ಜೋರಾಗಿ ಕೂಗಿದೆನೆಂದರೆ ಪಕ್ಕದ ಮನೆಯ ನಾಯಿ ಬೊಗಳಿತು. ಅಮ್ಮ ಅಲ್ಲೇ ನಿಂತಳು.

"ಹೆದರ್ಬೇಡ ಕಣೆ. ಹೊರಗಡೆ ಒಂದು ಬೊಟ್ಟು, ಅಷ್ಟೇ. ನಿನ್ನ ಬೆರಳಲ್ಲಿದ್ದ ಆ ಕೆಂಪು ನಾನೂ ಅವತ್ತೇ ನೋಡ್ದೆ."

ಅವಳು ಭರಣಿಯ ಮುಚ್ಚಳ ತಿರುಗಿಸುತ್ತ ಮುಂದುವರಿಸಿದಳು.

"ನೀನೇ ಒಂದಿನ ಬಾಯಿಬಿಟ್ಟು, ನಿನ್ನಿಂದ್ಲೇ ಹೀಗಾಗಿದ್ದು, ಅಮ್ಮ ಮಗು ಪಕ್ಕ ಕೂರ್ಬೇಡ ಅಂತೀಯೇನೋ ಅಂತ ಒಂದೇ ಭಯ ನಂಗೆ. ಅದನ್ನ ಕೇಳಿಸ್ಕೊಳ್ಳೋಕೆ ಆಗ್ತಿರ್ಲಿಲ್ಲ. ಅದಕ್ಕೇ ನೀನು ಹೇಳೋಕ್ ಮುಂಚೆ ನಾನೇ ಮುಂದೆ ಹೋಗಿ ಕೂತೆ."

ಇಷ್ಟು ದಿನ ನಾನು ಗ್ಲಾಸಿಗೆ ಹೆದರಿಕೊಂಡಿದ್ದೆ, ನನ್ನಮ್ಮ ನನಗೆ ಹೆದರಿಕೊಂಡಿದ್ದಳು. ಅವಳ ಕೈಯಿಂದ ಭರಣಿ ಈಸಿಕೊಂಡು ಹಿಂದಿನ ಬಾಗಿಲಿನ ಹೊರಗೆ ನಾನೇ ಒಂದು ಬೊಟ್ಟಿಟ್ಟೆ. ಆಮೇಲೆ ಆ ಬಾಗಿಲನ್ನೇ ಪೂರ್ತಿ ತೆರೆದು "ಇಲ್ಲಿ ಕೂತ್ಕೋಮ್ಮ, ಅವಳ ಪಕ್ಕ" ಅಂದೆ. ಏರ್‌ಪೋರ್ಟು ಬರುವವರೆಗೂ ಮಗಳು ಅಜ್ಜಿಯ ಕೈಯಲ್ಲಿದ್ದ ಆ ಬಗ್ಗಿದ ಬಳೆಯೊಳಗೆ ಎರಡು ಬೆರಳು ತೂರಿಸಿಕೊಂಡು ಕೂತಿದ್ದಳು.