ಉಜ್ಜಿ ಹಾಕಿದ ಏಳು ಹಲಗೆ

ಇದು ಮೂರು ವರ್ಷದ ಹಿಂದಿನ ಮಾತು. ಮದ್ದೂರಿನಲ್ಲಿ ನನ್ನ ಬೋರ್ಡು ಬರೆಯುವ ಅಂಗಡಿ ಇನ್ನೂ ತೆರೆದಿತ್ತು. ಎಸ್ಸೆಸ್ಸೆಲ್ಸಿ ಮುಗಿಸಿ ಬ್ರಷ್ ಹಿಡಿದವನು ನಲವತ್ತೊಂದು ವರ್ಷ ಅದನ್ನೇ ಮಾಡಿದ್ದೆ. ಫ್ಲೆಕ್ಸ್ ಬಂದ ಮೇಲೆ ನನ್ನ ಪಾಲಿಗೆ ಉಳಿದದ್ದು ಲಾರಿಗಳ ನಂಬರು, ಶಾಲೆಯ ಗೋಡೆ, ಸೋಮನಹಳ್ಳಿ ಕಡೆಯ ಕಾರ್ಖಾನೆಗಳ ಎಚ್ಚರಿಕೆ ಫಲಕ, ಅಷ್ಟೆ.

ಮಳವಳ್ಳಿಯಲ್ಲಿರುವ ನನ್ನ ತಮ್ಮನ ಮಗಳು ಚೈತ್ರ ಆಗ ನನ್ನ ಹತ್ತಿರ ಅಕ್ಷರ ಕಲಿಯಲು ಬಂದಿದ್ದಳು. ಇಪ್ಪತ್ತನಾಲ್ಕು ವರ್ಷ. ಟೀಚರ್ ಕೆಲಸ ಬಿಟ್ಟಿದ್ದಳು. ಯಾರೋ ಆರ್ಡರ್ ಕೊಟ್ಟು ರದ್ದು ಮಾಡಿದ ಏಳು ಪ್ಲೈವುಡ್ ಹಲಗೆಗಳನ್ನು ಅವಳಿಗೆ ಕೊಟ್ಟಿದ್ದೆ. ಸಂಜೆ ಕೆಲಸ ಮುಗಿದ ಮೇಲೆ ಅವುಗಳ ಮೇಲೆ ಬಣ್ಣ ಹಚ್ಚುತ್ತಿದ್ದಳು. ಮರವಿಲ್ಲ, ಮುಖವಿಲ್ಲ, ಬರೀ ಬಣ್ಣ.

ಬ್ರಷ್ಷಿನ ತುದಿ ಚಪ್ಪಟೆಯಾಗಲೆಂದು ನಾವು ಬೋರ್ಡು ಬರೆಯುವವರು ಅದರ ಎರಡೂ ಮಗ್ಗುಲನ್ನು ಒಂದು ಹಲಗೆಗೆ ಒರೆಸುತ್ತೇವೆ. ವರ್ಷಗಟ್ಟಲೆ ಒರೆಸಿದ ಹಲಗೆ ಬಣ್ಣಬಣ್ಣವಾಗಿ ದಪ್ಪಗಟ್ಟಿರುತ್ತದೆ. ನನ್ನ ಕಣ್ಣಿಗೆ ಅವಳ ಚಿತ್ರವೂ ಹಾಗೇ ಕಂಡಿತ್ತು.

"ಇದೇನವ್ವಾ, ಬ್ರಷ್ ಒರಸ್ದಂಗೈತೆ?" ಅಂದೆ.

"ಬರೆಯೋವಾಗ ಏನೂ ಯೋಚ್ನೆ ಮಾಡಲ್ಲ ದೊಡ್ಡಪ್ಪ. ಕೈ ಎಂಗ್ ಓಯ್ತದೋ ಅಂಗೆ. ಆಮೇಲೆ ಸಾಲಾಗಿ ಇಟ್ಟು ನೋಡುದ್ರೆ, ಈ ಎರಡು ತಿಂಗ್ಳು ನಂಗೆ ಏನಾಗಿತ್ತು ಅಂತ ಗೊತ್ತಾಯ್ತದೆ."

"ಗೊತ್ತಾಗಿ ಏನ್ ಮಾಡ್ತೀಯೆ?"

"ಆ ಮಂಡ್ಯದ ಸಂಬಂಧಕ್ಕೆ ಈ ತಿಂಗ್ಳು ಕೊನೇ ಭಾನ್ವಾರ ಅಪ್ಪಂಗೆ ಉತ್ರ ಏಳ್ಬೇಕಲ್ಲ. ನನ್ ಬಾಯಿ ದಿನಕ್ಕೊಂದು ಏಳ್ತದೆ. ಅದನ್ನ ನಂಬೋಕಾಗಲ್ಲ."

ನಾನು ನಕ್ಕುಬಿಟ್ಟೆ. ಆದರೆ ಮಾರನೆಯ ವಾರ ನಂಬರು ಬರೆಸಲು ಬಂದ ಲಾರಿಯವನೊಬ್ಬ ಅವಳ ನೀಲಿ ಹಲಗೆಯ ಮುಂದೆ ಬೀಡಿ ಆರುವವರೆಗೂ ನಿಂತಿದ್ದ. "ಅಣ್ಣೋ, ಇದ್ಯಾರು ಬರೆದಿದ್ದು?" ಅಂದ. ನಲವತ್ತೊಂದು ವರ್ಷ ಜನ ನನ್ನ ಬೋರ್ಡು ಓದಿಕೊಂಡು ಮುಂದೆ ಹೋಗಿದ್ದರು. ಯಾರು ಬರೆದದ್ದೆಂದು ಒಬ್ಬನೂ ಕೇಳಿರಲಿಲ್ಲ. ಅವತ್ತಿನಿಂದ ನನಗೆ ಸಮಾಧಾನವಿಲ್ಲ. ಅವಳು ಬಣ್ಣ ಕಲಸುವ ಸದ್ದಿಗೇ ರೇಗುತ್ತಿದ್ದೆ.

ಅವಳು ಮಳವಳ್ಳಿಗೆ ಹೋಗಿದ್ದ ಒಂದು ಶುಕ್ರವಾರ ಸೋಮನಹಳ್ಳಿಯ ಕಾರ್ಖಾನೆಯೊಂದರಿಂದ ಫೋನ್ ಬಂತು: ತಪಾಸಣೆ ಇದೆ, ಸೋಮವಾರಕ್ಕೆ ಏಳು ಫಲಕ ಬೇಕು. ಮಂಡ್ಯಕ್ಕೆ ಹೋಗಿ ಹಲಗೆ ತರಬಹುದಿತ್ತು, ಅರ್ಧ ದಿನದ ಕೆಲಸ. ಹೋಗಲಿಲ್ಲ. ಹಿಂದಿನ ಕತ್ತಲೆ ಕೋಣೆಯಲ್ಲಿ ಗೋಡೆಗೆ ಒರಗಿದ್ದ ಒಂದನ್ನು ಎಳೆದು ತಂದೆ. ನನ್ನ ಒರೆಸುವ ಹಲಗೆಯೆಂದೇ ತಂದದ್ದು. ಇಷ್ಟು ಮಾತ್ರ ನಿಜ.

ದಪ್ಪ ಬಣ್ಣದ ಮೇಲೆ ಅಕ್ಷರ ನಿಲ್ಲುವುದಿಲ್ಲ. ವಾಟರ್ ಪೇಪರ್ ಎನ್ನುವ ಉಪ್ಪುಕಾಗದವನ್ನು ನೀರಿನಲ್ಲಿ ಅದ್ದಿ ಉಜ್ಜಬೇಕು. ಉಜ್ಜಿದೆ. ನೀಲಿ ಹೋಯಿತು, ಕೆಳಗೆ ಕೆಂಪು ಬಂತು. ಕೆಂಪು ಪೂರ್ತಿ ಒಣಗಿದ ಮೇಲೇ ನೀಲಿ ಬಿದ್ದಿತ್ತು. ಅದರ ಕೆಳಗೆ ತೆಳು ಹಳದಿ. ಒರೆಸುವ ಹಲಗೆಯಲ್ಲಿ ಬಣ್ಣ ಹಸಿಹಸಿಯಾಗಿ ಕಲೆತುಹೋಗಿರುತ್ತದೆ. ಇಲ್ಲಿ ಒಬ್ಬಳು ಕಾದಿದ್ದಳು, ಮತ್ತೆ ಬಂದಿದ್ದಳು, ಇನ್ನೊಮ್ಮೆ ಮುಚ್ಚಿದ್ದಳು. ನನ್ನ ಕೈ ನಿಂತಿತು.

ಅಲ್ಲಿಗೆ ಬಿಡಬಹುದಿತ್ತು. 'ಹಲಗೆ ನನ್ನದೇ ತಾನೆ' ಎಂದುಕೊಂಡು ಮಿಕ್ಕ ಆರನ್ನೂ ಹುಡುಕಿ ತಂದು ಉಜ್ಜಿದೆ. ಪ್ರೈಮರ್ ಹೊಡೆದು, ಹಳದಿ ಬಳಿದು, ಶನಿವಾರ ಏಳೂ ಹಲಗೆಯ ಮೇಲೆ ಕಪ್ಪಿನಲ್ಲಿ ಬರೆದೆ: 'ಎಚ್ಚರಿಕೆ. ಯಂತ್ರಕ್ಕೆ ಕೈ ಹಾಕಬೇಡಿ.'

ಭಾನುವಾರ ಬೆಳಿಗ್ಗೆ ಚೈತ್ರ ಬಂದಳು. ಹಿಂದಿನ ಕೋಣೆಗೆ ಹೋಗಿ ಬಂದು ಆ ಫಲಕಗಳನ್ನು ಒಂದೊಂದಾಗಿ ನೋಡಿದಳು.

"ಕತ್ತಲೇಲಿ ಗೊತ್ತಾಗ್ನಿಲ್ಲ ಕಣವ್ವ. ಬ್ರಷ್ ಒರಸೋ ಹಲಗೆ ಅನ್ಕೊಂಡೆ," ಅಂದೆ.

"ಬುಡಿ ದೊಡ್ಡಪ್ಪ," ಅಂದಳು. ಅಳಲಿಲ್ಲ. ಸಂಜೆ ಅಪ್ಪನಿಗೆ ಫೋನ್ ಮಾಡಿ, ಇನ್ನೂ ಒಂದು ತಿಂಗಳು ಬೇಕು ಎಂದಳು. ಗಂಡಿನ ಕಡೆಯವರು ಕಾಯಲಿಲ್ಲ. ಆ ಸಂಬಂಧ ತಪ್ಪಿದ್ದು ಒಳ್ಳೆಯದಾಯಿತೋ ಕೆಟ್ಟದ್ದಾಯಿತೋ ನನಗೆ ಗೊತ್ತಿಲ್ಲ. ಅದನ್ನು ಅವಳು ತಿಳಿದುಕೊಳ್ಳಬೇಕಿದ್ದ ದಾರಿಯನ್ನು ನಾನು ಉಜ್ಜಿ ಹಾಕಿದ್ದೆ.

ಮೂರು ವಾರ ಆ ಸುಳ್ಳನ್ನೇ ಇಟ್ಟುಕೊಂಡಿದ್ದೆ. ಕೊನೆಗೆ ಒಂದು ಬೆಳಿಗ್ಗೆ ಅಂಗಡಿಯೊಳಗೆ ಕಾಲಿಡುತ್ತಲೇ ಹೇಳಿಬಿಟ್ಟೆ: "ಗೊತ್ತಿದ್ದೇ ಉಜ್ಜಿದೆ ಕಣವ್ವ. ಒಂದೇ ಒಂದು ಗೊತ್ತಿಲ್ದೆ, ಆರು ಗೊತ್ತಿದ್ದು."

ಅವಳು ಬ್ರಷ್ ತೊಳೆಯುವುದನ್ನು ನಿಲ್ಲಿಸಲಿಲ್ಲ.

"ಅವತ್ತೇ ಗೊತ್ತಾಯ್ತು ದೊಡ್ಡಪ್ಪ. ಮೊದಲ್ನೇ ಬೋರ್ಡಿಂದಾನೇ ನಿಮ್ ಗೆರೆ ನಡುಗಿತ್ತು. ನಿಮ್ ಗೆರೆ ಯಾವತ್ತು ನಡುಗಿತ್ತು, ಏಳಿ?"

ಹೇಳಿದ ಅಕ್ಷರವನ್ನು ತಪ್ಪಿಲ್ಲದೆ ಬರೆಯುವುದಷ್ಟೇ ನನ್ನ ಕಸುಬು ಎಂದು ನಂಬಿದ್ದೆ. ಅದನ್ನು ಬರೆದವನ ಮನಸ್ಸೂ ಅಲ್ಲೇ ಒಣಗಿ ಉಳಿಯುತ್ತದೆ ಎನ್ನುವುದನ್ನು ಕಸುಬು ಮುಗಿಯುವ ಹೊತ್ತಿಗೆ ಕಲಿತೆ. ಆ ವಾರವೇ ಮಂಡ್ಯಕ್ಕೆ ಹೋಗಿ ಅವಳಿಗೆ ಏಳು ಹೊಸ ಹಲಗೆ ತಂದುಕೊಟ್ಟೆ. ಅವಳು ಆರು ತೆಗೆದುಕೊಂಡು ಒಂದನ್ನು ನನ್ನ ಕಡೆಗೆ ತಳ್ಳಿದಳು. ಅಂಗಡಿ ಮುಚ್ಚಿದೆ, ಅದು ಇನ್ನೂ ಖಾಲಿಯಾಗಿಯೇ ಇದೆ. ದಿನಾ ಬೆಳಿಗ್ಗೆ ಅದರ ಮುಂದೆ ಬ್ರಷ್ ಹಿಡಿದು ಕೂರುತ್ತೇನೆ.